ಮುಟ್ಟಿದ ಹಾಲು

“ಏ ಸಾಬರಾಕಿ, ಇದೇನ ನಿಮ್ಮಪ್ಪನ ಎಮ್ಮಿ ಹಿಂಡಿದ ಹಾಲೇನ? ಮೊದಲ ಏಸಪ್ಪಗ ಅಡ್ಡ ಬೀಳು, ಆಮ್ಯಾಲ ಗ್ಲಾಸ ಚಾಚು!”

ಸಭೆಯ ಹಿರಿಯ ನೀಲಕಂಠಪ್ಪನ ದನಿಗೆ ಇಗರ್ಜಿ ಕಂಪೌಂಡಿನ ಪಾರಿವಾಳಗಳೆಲ್ಲ ಎದ್ದವು. ಕಮರಿಪೇಟೆಯಿಂದ ಬಂದ ಅಬೀದಾ ಕದಲಲಿಲ್ಲ. ಕಂಕುಳಲ್ಲಿದ್ದ ಕೂಸು ಅತ್ತೂ ಅತ್ತೂ ಈಗ ಬರೀ ಬಾಯಿ ತೆರೆಯುತ್ತಿತ್ತು, ದನಿ ಇರಲಿಲ್ಲ.

“ಎದಿಹಾಲು ಬತ್ತ್ಯಾವ್ರಿ ಕಾಕಾ. ಒಂದ ಗುಟುಕ ಹಾಕ್ರಿ, ಅಲ್ಲಾ ನಿಮ್ಮನ್ನ ಛಲೋ ಇಡ್ತಾನ.”

“ಹಂಗಾರ ಹೋಗಿ ಅವನ್ನ ಕೇಳು!”

ಒಲೆ ಊದುತ್ತಿದ್ದ ಸತ್ಯವ್ವ ತಲೆಯೆತ್ತಿದಳು. ಅಮೆರಿಕದಿಂದ ಬಂದ ಹಾಲಿನ ಪುಡಿಗೆ ನೀರು ಹೊರುವವಳು ಅವಳು, ಕಟ್ಟಿಗೆ ಒಡೆಯುವವಳು ಅವಳು. ಪುಡಿ ಹಂಡೆಗೆ ಬಿದ್ದ ಮೇಲೆ ಮಾತ್ರ ಮಾರು ದೂರ. ಹೊಲಗೇರಿಯ ಸತ್ಯವ್ವನಿಗೆ ದೀಕ್ಷಾಸ್ನಾನವಾಗಿ ಸಾರಾ ಎಂದು ಹೆಸರು ಬಂದಿತ್ತು. ಸೌಟಿಗೆ ಇನ್ನೂ ಸ್ನಾನವಾಗಿರಲಿಲ್ಲ. ನೀಲಕಂಠಪ್ಪನದು ಕೊರಳ ಲಿಂಗ ತೆಗೆದು ಶಿಲುಬೆ ಹಾಕಿಕೊಂಡ ಮನೆತನ. ಕುಲ ಮಾತ್ರ ಅಂಗಿಯ ಒಳಗೇ ಇತ್ತು. ಮಕ್ಕಳಿಗೆ ಹಾಕಿ ಉಳಿಸಿದ ಹಾಲು ಕ್ಯಾನು ತುಂಬಿ ಅವನ ಮನೆಗೇ ಹೋಗುತ್ತಿತ್ತಾದ್ದರಿಂದ, ಅದನ್ನು ಅವಳು ಮುಟ್ಟುವಂತಿರಲಿಲ್ಲ.

“ಹಾಕ್ರಿ ಹಿರ್ಯಾರ, ಸಾಯಾಕತ್ತೈತಿ ಕೂಸು.”

“ನೀ ಒಲಿ ನೋಡ, ಸತ್ತಿ! ಸಭಾದ ಹುಡುಗರಿಗೇ ಸಾಲೂದಿಲ್ಲ.”

“ಸಾಲೂದಿಲ್ಲಂದ್ರ ನಿಮ್ಮ ಮನಿಗೆ ಕ್ಯಾನ್ ಹೆಂಗ ತುಂಬತೈತ್ರಿ?”

“ಬೋಸಡೇ! ನಾಳಿಂದ ಕಂಪೌಂಡಿನ್ಯಾಗ ಕಾಲಿಡು, ಮುರೀತೇನಿ!”

ಸಿಟ್ಟಿಗೆ ಅಬೀದಾಳ ತಗಡಿನ ಗ್ಲಾಸನ್ನು ಕಿತ್ತು ಬೀಸಿ ಒಗೆದ. ಅದು ಉರುಳುತ್ತ ಸತ್ಯವ್ವನ ಕಾಲಬುಡಕ್ಕೆ ಬಂತು. ಅವಳು ಎತ್ತಿಕೊಂಡು, ಇಗರ್ಜಿಯ ಪರದೇಶದ ಪಾದ್ರಿಯ ಹಾಗೆ ಕತ್ತು ಓರೆ ಮಾಡಿ, ಮೂಗಿನಲ್ಲಿ ರಾಗ ಎಳೆದಳು: “ನನ್ ಪ್ರೀಯ ಮಕ್ಕಲೇ, ಏಸುವಿನ ಮನೆಯಲಿ ಮೇಲು ಇಲ್ಲಾ, ಕೀಲು ಇಲ್ಲಾ!”

ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಆ ನಗು ಮುಗಿಯುವುದರೊಳಗೆ ಗ್ಲಾಸಿನ ಸಮೇತ ಅವಳ ಕೈ ಮಣಿಕಟ್ಟಿನವರೆಗೆ ಹಂಡೆಯಲ್ಲಿತ್ತು. ಚುರ್ರೆಂದಿತು. ಗ್ಲಾಸು ತುಂಬುವ ತನಕ ತೆಗೆಯಲಿಲ್ಲ.

“ನಿನ್ನ ಹೆಣಾ ಎತ್ತಲಿ! ಹಂಡೇನ ಕೆಡಿಸಿದ್ಯಲ್ಲೇ!”

“ಹೌದ್ರಿ, ಮುಟ್ಟೇನಿ. ಇನ್ನ ನಿಮ್ಮ ಕ್ಯಾನಿಗೆ ಬ್ಯಾಡಲ್ಲ? ಎಲ್ಲಾ ಈ ಹುಡುಗರಿಗೇ ಆತು.” ಗ್ಲಾಸು ಅಬೀದಾಳ ಕೈಗೆ ಹೋಯಿತು.

ಹಂಡೆ ಒದೆಯಲು ನೀಲಕಂಠಪ್ಪ ಕಾಲೆತ್ತಿದ. ಗೇಟಿನಲ್ಲಿ ಪಾದ್ರಿಯ ಸೈಕಲ್ ಗಂಟೆ ಬಾರಿಸಿತು. ಎತ್ತಿದ ಕಾಲು ಇಳಿಯಿತು, ಸತ್ತಿ ಸಾರಮ್ಮನಾದಳು.

“ಸಾರಮ್ಮಾ, ಮಕ್ಕಳಿಗೆ ಲಗೂ ಹಾಕೋಣವಾ...”

“ಪ್ರಾರ್ತನೆ ಆಯಿತಾ ಹಿರೀಯರೇ?” ಪಾದ್ರಿ ಸೈಕಲ್ ಗೋಡೆಗೆ ಆನಿಸಿದ. “ಕುಡಿಯಿರಿ. ಮೊದಲ ಲೋಟ ನಿಮ್ಮದು.”

ಅದು ದಿನದ ಪದ್ಧತಿ. ಎಲ್ಲರೂ ಒಂದೇ ಹಂಡೆಯವರೆಂದು ಪಾದ್ರಿಗೆ ತೋರಿಸಲು ನೀಲಕಂಠಪ್ಪನೇ ಹಾಕಿಕೊಟ್ಟದ್ದು.

ಸತ್ಯವ್ವ ಲೋಟವನ್ನು ಹಂಡೆಯಲ್ಲಿ ಅದ್ದಿ, ಬೊಬ್ಬೆಯೇಳುತ್ತಿದ್ದ ಕೈಯಿಂದಲೇ ಮುಂದೆ ಹಿಡಿದಳು. ಹೆಬ್ಬೆರಳು ಹಾಲಿನಲ್ಲಿ ಮುಳುಗಿತ್ತು.

“ತಗೋರಿ ಹಿರ್ಯಾರ. ದಿನಾ ನಿಮ್ದ ಮೊದಲ.”

ಪಾದ್ರಿ ನಗುತ್ತ ಕಾದ. ನೀಲಕಂಠಪ್ಪನ ಕೈ ಏಳಲಿಲ್ಲ. ಅವನ ಹಿಂದೆ ಅಬೀದಾ ಸೆರಗಿನ ತುದಿಯನ್ನು ಹಾಲಿಗದ್ದಿ ಕೂಸಿನ ಬಾಯಿಗಿಟ್ಟಿದ್ದಳು. ಅದು ಚೀಪುವ ಸಪ್ಪಳವೊಂದೇ. ಲೋಟದ ಹಾಲು ಆರುತ್ತ, ಸತ್ಯವ್ವನ ಹೆಬ್ಬೆರಳ ಸುತ್ತ ಮೆಲ್ಲಗೆ ಕೆನೆ ಕಟ್ಟತೊಡಗಿತು.