ಪುಂಡಿ ಮಡಿಯಲ್ಲೊಂದು ಗಾಂಜಾ ಗಿಡ

ನಾನೊಂದು ಗಾಂಜಾ ಗಿಡ. ಹುಟ್ಟಿದ್ದು ಹರಿಹರದ ಅಂಚಿನ ಒಂದು ಹಳೆಯ ಕಾಲೊನಿಯಲ್ಲಿ, ಮನೆಯ ಹಿತ್ತಲಿನ ಪುಂಡಿ ಸೊಪ್ಪಿನ ಮಡಿಯೊಳಗೆ. ಮೂರು ಬೀಜಗಳಲ್ಲಿ ಎರಡು ಮಣ್ಣಿನಲ್ಲೇ ಕೊಳೆತವು. ನಾನು ಎದ್ದೆ. ಅದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ.

ನನ್ನನ್ನು ಬಿತ್ತಿದವರು ರುದ್ರಮುನಿಯವರು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಅವರ ಹೆಂಡತಿ ಕೊಟ್ರಮ್ಮನವರಿಗೆ ಎರಡು ವರ್ಷದ ಹಿಂದೆ ಎಡಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಒಣಗಿದವು, ಉರಿ ಮಾತ್ರ ಉಳಿಯಿತು. ಬಟ್ಟೆ ತಾಗಿದರೂ ಕೆಂಡ ಇಟ್ಟಂತೆ ಆಗುತ್ತಿತ್ತು. ಅವರು ಗಂಡನ ಹಳೆಯ ಬನಿಯನ್ ತೊಟ್ಟು, ಪಕ್ಕೆಯ ಹತ್ತಿರ ಅದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಅವರನ್ನು ನೋಡಿದ್ದೆಲ್ಲ ಹಾಗೆಯೇ, ಬನಿಯನ್ ಎತ್ತಿ ಹಿಡಿದ ಭಂಗಿಯಲ್ಲಿ.

ಮಾತ್ರೆಗಳಿಂದ ಅವರಿಗೆ ತೂಕಡಿಕೆ ಬರುತ್ತಿತ್ತೇ ಹೊರತು ಉರಿ ಇಳಿಯುತ್ತಿರಲಿಲ್ಲ. ಆಗ ರುದ್ರಮುನಿಯವರ ಜೊತೆ ಕೆಲಸ ಮಾಡಿದ್ದ ತಿಪ್ಪೇಶಪ್ಪ ಎಂಬವರು ಕಾಗದದ ಪೊಟ್ಟಣದಲ್ಲಿ ಬೀಜ ತಂದುಕೊಟ್ಟರು.

"ಇದರ ಹೂವಿನ ಎಣ್ಣೆ ನರದ ಉರಿಗೆ ಆಗ್ತೈತಂತ ಕೇಳೀನಿ. ಗಿಡ ಗಿಡ್ಡಕ್ಕೇ ಇರ್ತೈತಿ, ಎರಡೂವರೆ ತಿಂಗಳಿಗೆ ಎಲ್ಲಾ ಮುಗೀತೈತಿ. ಯಾರಿಗೂ ಕಾಣಂಗಿಲ್ಲ," ಎಂದಿದ್ದರು.

ನನ್ನ ಜಾತಿಯ ಬೇರೆ ಗಿಡಗಳು ಹಗಲು ಕುಗ್ಗುವುದನ್ನು ಕಾದು ಹೂ ಬಿಡುತ್ತವೆ. ನಾನು ಕಾಯುವ ತಳಿಯಲ್ಲ. ಹೊರಗೆ ಯಾವ ಋತುವಿದ್ದರೂ, ವಯಸ್ಸು ತುಂಬಿದರೆ ಹೂ ಬಿಡುವುದೇ. ಐದನೆಯ ವಾರಕ್ಕೆ, ಮೇ ತಿಂಗಳ ಬಿಸಿಲಿನಲ್ಲಿ, ನನ್ನ ತುದಿಗಳಲ್ಲಿ ಬಿಳಿ ಎಳೆಗಳು ಕಾಣಿಸಿಕೊಂಡವು.

ಪುಂಡಿಯ ಎಲೆಯೂ ನನ್ನ ಎಲೆಯೂ ಹೆಚ್ಚುಕಡಿಮೆ ಒಂದೇ ಥರ, ಬೆರಳು ಬಿಡಿಸಿಟ್ಟಂತೆ. ಅದಕ್ಕೇ ರುದ್ರಮುನಿಯವರು ಹೆಂಡತಿ ಪುಂಡಿ ಹಾಕಿದ್ದ ಆ ಮಡಿಯನ್ನು ಆರಿಸಿದ್ದರು. ಒಂದು ಮುಂಜಾನೆ ಕೊಟ್ರಮ್ಮ ಪಲ್ಯಕ್ಕೆ ಸೊಪ್ಪು ಕೀಳುತ್ತ ನನ್ನ ತನಕ ಬಂದರು. ಎಲೆ ಮುಟ್ಟಿದರು, ಬೆರಳು ಮೂಸಿದರು.

"ರೀ, ಇದೆಂಥ ಪುಂಡಿ? ವಾಸ್ನಿ ಬೇರೇನೆ ಐತಿ."

"ಅದು ಬ್ಯಾರೆ ತಳಿ. ಅದನ್ನ ಕೀಳಬ್ಯಾಡ," ಎಂದರು ರುದ್ರಮುನಿ, ಬಕೆಟ್ ಕೆಳಗಿಡುತ್ತ.

ಕೊಟ್ರಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅವತ್ತಿನಿಂದ ನನ್ನ ಸುತ್ತಲಿನ ಪುಂಡಿಯನ್ನು ಕೀಳುವುದನ್ನೇ ಬಿಟ್ಟರು. ಅದು ಬೆಳೆದು ನನ್ನನ್ನು ಇನ್ನಷ್ಟು ಮುಚ್ಚಿತು.

ವಾಸನೆಯನ್ನು ಮುಚ್ಚಲು ಆಗಲಿಲ್ಲ. ಯಾರು ಹೇಳಿದರೋ ನನಗೆ ತಿಳಿಯದು. ಅರವತ್ತೆರಡನೆಯ ದಿನ ಬೆಳಿಗ್ಗೆ ಪೊಲೀಸರು ಬಂದರು. ಜೊತೆಗೆ ಒಬ್ಬ ಅಧಿಕಾರಿ, ಸಾಕ್ಷಿಗೆಂದು ಪಕ್ಕದ ಬೀದಿಯ ಇಬ್ಬರು. ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಪುಂಡಿಯನ್ನು ಎರಡು ಕಡೆ ಸರಿಸಿ ನೇರ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯಾರು ಹಾಕಿದ್ದು ಇದನ್ನ?"

"ನಾನೇ ಹಾಕೀನಿ," ಎಂದರು ಕೊಟ್ರಮ್ಮ ಮೆಟ್ಟಿಲ ಮೇಲಿಂದ. "ಪುಂಡಿ ಅಂತ ತಿಳ್ಕೊಂಡಿದ್ದೆ."

"ಆಕೀಗೆ ಏನೂ ಗೊತ್ತಿಲ್ರೀ ಮೇಡಂ. ಹಾಕಿದಾಂವ ನಾನು," ಎಂದರು ರುದ್ರಮುನಿ.

ಸಬ್ ಇನ್‌ಸ್ಪೆಕ್ಟರ್ ಇಬ್ಬರನ್ನೂ ನೋಡಿದರು. ಕೊಟ್ರಮ್ಮ ಬನಿಯನ್ ಎತ್ತಿ ಹಿಡಿದಿದ್ದ ಕೈಯನ್ನೂ ನೋಡಿದರು. "ಯಜಮಾನ್ರೇ, ಚಪ್ಪಲಿ ಹಾಕ್ಕೊಳ್ಳಿ," ಎಂದರು.

ನನ್ನನ್ನು ಬೇರುಸಹಿತ ಕಿತ್ತರು. ನೋವಾಯಿತೇ ಎಂದರೆ, ನೆನಪಿಲ್ಲ. ಮಣ್ಣು ಕೊಡವಿದರು, ತೂಗಿದರು, ಪ್ರಯೋಗಾಲಯಕ್ಕೆಂದು ಒಂದು ಚೂರು ಮುರಿದುಕೊಂಡರು, ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಠಾಣೆಯ ಉಗ್ರಾಣದಲ್ಲಿ ನನಗೊಂದು ನಂಬರು ಸಿಕ್ಕಿತು. ಒಂದು ಕಡೆ ಕದ್ದ ಮೋಟರ್ ಪಂಪು, ಇನ್ನೊಂದು ಕಡೆ ಹಿಡಿ ಮುರಿದ ಕುಡುಗೋಲು. ಅಲ್ಲಿ ಒಣಗಿದೆ. ಎಲೆ ಪುಡಿಯಾಯಿತು, ಹೂವು ಕಂದಿತು. ರುದ್ರಮುನಿಯವರಿಗೆ ಜಾಮೀನು ಸಿಗಲಿಲ್ಲವೆಂದು ಪೇದೆಗಳ ಮಾತಿನಿಂದ ತಿಳಿಯಿತು. ಏಳು ತಿಂಗಳು ಅವರು ಜೈಲಿನಲ್ಲಿ, ನಾನು ಉಗ್ರಾಣದಲ್ಲಿ.

ವಿಚಾರಣೆಯ ದಿನ ನನ್ನನ್ನು ನ್ಯಾಯಾಲಯದ ಮೇಜಿನ ಮೇಲಿಟ್ಟರು. ರುದ್ರಮುನಿಯವರ ವಕೀಲರು ಅವರತ್ತ ಬಾಗಿ ಪಿಸುಗುಟ್ಟಿದರು.

"ಪುಂಡಿ ಜೊತೆ ತಾನಾಗೇ ಬಂದಿತ್ತು, ಗೊತ್ತಾಗ್ಲಿಲ್ಲ ಅಂದುಬಿಡಿ. ಬಿಡುಗಡೆ ಆಗೋ ಸಾಧ್ಯತೆ ಐತೆ."

"ಹಂಗಂದ್ರೆ ಪುಂಡಿ ಹಾಕಿದಾಕೀನ ಕೇಳ್ತಾರಲ್ರೀ," ಎಂದರು ರುದ್ರಮುನಿ.

ವಕೀಲರು ಕಡತ ಮಡಚಿದರು.

ಕಟಕಟೆಯಲ್ಲಿ ನಿಂತು ರುದ್ರಮುನಿಯವರು ತಪ್ಪು ಒಪ್ಪಿಕೊಂಡರು. ಏನು ಗಿಡವೆಂದು ತಿಳಿದೇ ಹಾಕಿದೆ, ಹೆಂಡತಿಗೆ ತಿಳಿಸಿರಲಿಲ್ಲ ಎಂದರು. ಏಕೆ ಹಾಕಿದಿರಿ ಎಂದು ನ್ಯಾಯಾಧೀಶರು ಕೇಳಿದಾಗ, "ಆಕಿ ರವಿಕಿ ತೊಟ್ಟು ಎರಡು ವರ್ಷ ಆಗಿತ್ರೀ," ಎಂದಷ್ಟೇ ಹೇಳಿದರು. ಮಧ್ಯಾಹ್ನದ ನಂತರ ತೀರ್ಪು ಬಂತು: ವಯಸ್ಸನ್ನೂ ಮೊದಲ ಅಪರಾಧವೆಂಬುದನ್ನೂ ಗಣಿಸಿ, ಒಳಗೆ ಕಳೆದ ದಿನಗಳೇ ಶಿಕ್ಷೆ, ಮುದ್ದೆಮಾಲನ್ನು ನಾಶಪಡಿಸತಕ್ಕದ್ದು. ಮುದ್ದೆಮಾಲು ಎಂದರೆ ನಾನು.

ಹೊರಗಿನ ಪಡಸಾಲೆಯಲ್ಲಿ ಪೇದೆ ನನ್ನ ಚೀಲವನ್ನು ಬೆಂಚಿನ ಮೇಲಿಟ್ಟು ಸಹಿ ಹಾಕಿಸಿಕೊಳ್ಳಲು ಹೋದ. ಪಕ್ಕದಲ್ಲಿ ಕೊಟ್ರಮ್ಮ ಕೂತಿದ್ದರು. ರುದ್ರಮುನಿಯವರು ಬಂದು ಎದುರು ನಿಂತರು. ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಡುನೀಲಿ ಸೀರೆ, ಅದೇ ಬಣ್ಣದ ರವಿಕೆ. ಎರಡು ಕೈಯೂ ಮಡಿಲಲ್ಲಿ.

"ಉರಿ?" ಎಂದರು.

"ಹೋತು. ನೀವು ಒಳಗೆ ಹೋಗಿ ಎರಡು ತಿಂಗಳಿಗೆ ತಾನೇ ಹೋತು." ಕೊಟ್ರಮ್ಮ ನೆಲ ನೋಡುತ್ತಿದ್ದರು. "ಜೈಲಿಗೆ ಬಂದಾಗೆಲ್ಲಾ ಹೇಳ್ಬೇಕಂತ ಬರ್ತಿದ್ದೆ. ರವಿಕಿ ಕಾಣದಂಗ ಮೈತುಂಬ ಶಾಲು ಹೊದ್ದು ಕೂತು ಹಂಗೇ ಎದ್ದು ಹೋಗ್ತಿದ್ದೆ. ಹೆಂಗೆ ಹೇಳ್ಲಿ?"

ರುದ್ರಮುನಿಯವರು ಹೆಂಡತಿಯ ಪಕ್ಕ ಕೂತರು. ಅವರಿಗೂ ನನಗೂ ನಡುವೆ ಒಂದು ಗೇಣು ಅಂತರ. ನನ್ನ ಕಡೆ ತಿರುಗಲಿಲ್ಲ.

"ಒಳ್ಳೇದಾತು," ಎಂದರು.

ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದು ಬಸ್ಸಿಗೆ ಹೋದರು.

ಈಗ ಉಗ್ರಾಣದ ಮೂಲೆಯಲ್ಲಿ, ಸುಡುವ ಪಟ್ಟಿಯಲ್ಲಿ ನನ್ನ ನಂಬರು ಬರುವುದನ್ನು ಕಾಯುತ್ತಿದ್ದೇನೆ. ಕಾಯುವುದನ್ನು ಇಲ್ಲಿಯೇ ಕಲಿತೆ. ನನ್ನ ಹೂವಿನಿಂದ ಆ ಉರಿ ಇಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾರೂ ಪರೀಕ್ಷಿಸಲಿಲ್ಲ. ಪ್ರಯೋಗಾಲಯದವರು ನೋಡಿದ್ದು ನಾನು ಗಾಂಜಾ ಹೌದೋ ಅಲ್ಲವೋ ಎಂಬುದನ್ನು ಮಾತ್ರ. ಹೌದು ಎಂದು ಬರೆದುಕೊಟ್ಟರು.