ಅಪ್ಪನ ಕಿವಿ

"ಕಿವಿ ಸರಿ ಮಾಡಿಸ್ಕೋತಿದ್ದೀನಿ ಅಣ್ಣ. ಬರೋ ಬುಧವಾರ."

ಅಣ್ಣನ ತಲೆಯ ಎಡಭಾಗದ ಕೂದಲು ಕತ್ತರಿಸಿ ಮುಗಿದಿತ್ತು, ಬಲಭಾಗ ಬಾಕಿಯಿತ್ತು. ಕತ್ತಿನ ತನಕ ಬಟ್ಟೆ ಹೊದ್ದು ಕೂತಿದ್ದ ಅವನು ಕನ್ನಡಿಯಲ್ಲಿ ತಂಗಿಯ ಮುಖ ನೋಡಿದ.

"ಯಾಕೆ, ಕಿವಿ ಚೆನ್ನಾಗೇ ಕೇಳುತ್ತಲ್ಲೇ ನಿಂಗೆ?"

"ಕೇಳುತ್ತೆ. ಅದೇ ತೊಂದರೆ ಆಗಿದ್ದು." ಕತ್ತರಿ ನಿಲ್ಲಿಸದೆ ಹೇಳಿದಳು. "ಹಿಂದುಗಡೆ ಕೊಯ್ದು, ಹೊಲಿಗೆ ಹಾಕಿ, ತಲೆಗೆ ಒರಗೋ ಹಾಗೆ ಮಾಡ್ತಾರಂತೆ."

ಅವನು ಬಟ್ಟೆ ಕಿತ್ತು ಎದ್ದೇಬಿಟ್ಟ. "ಅದು ಅಪ್ಪನ ಕಿವಿ ಕಣೇ! ಅಪ್ಪ ಬಿಟ್ಟುಹೋಗಿದ್ದು ಅದೊಂದೇ ಗುರುತು. ಐವತ್ತೆರಡು ವರ್ಷಕ್ಕೆ ಯಾರು ನೋಡ್ಲಿ ಅಂತ ಈ ಶೋಕಿ?"

ಮೊರದಂಥ ಕಿವಿ ಇಬ್ಬರಿಗೂ ಬಂದಿತ್ತು. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಅಣ್ಣನನ್ನು ಕಂಡರೆ ಹಳಬರು "ಥೇಟ್ ಅಪ್ಪನೇ" ಎಂದು ಬೆನ್ನು ತಟ್ಟುತ್ತಿದ್ದರು. ಅವಳ ಬೆನ್ನು ಯಾರೂ ತಟ್ಟಲಿಲ್ಲ. ಮೂರನೇ ಕ್ಲಾಸಿನಲ್ಲಿ ಅವಳಿಗೆ 'ಹಿಡಿಕೆ' ಎಂದು ಹೆಸರಿಟ್ಟವನೇ ಈ ಅಣ್ಣ. ಹೆಸರು ಶಾಲೆಗೆಲ್ಲ ಹಬ್ಬಿ, ಕೊನೆಗೆ ಮೇಷ್ಟ್ರೂ ಆ ಹಿಡಿಕೆ ಹಿಡಿದೇ ಬೋರ್ಡಿನ ತನಕ ಎಳೆದೊಯ್ಯುತ್ತಿದ್ದರು. ಅಂದು ಕಿವಿಯ ಮೇಲೆ ಇಳಿಬಿಟ್ಟ ಕೂದಲನ್ನು ಅವಳು ಎಂಥ ಸೆಖೆಯಲ್ಲೂ ಎತ್ತಿ ಕಟ್ಟಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಈ ಎರಡು ಕುರ್ಚಿಯ ಅಂಗಡಿಯಲ್ಲಿ ಪರರ ತಲೆಗೆಲ್ಲ ತುರುಬು ಹಾಕಿದ ಕೈ ಅದು.

"ನಿನ್ನ ತಲೆ ಮೇಲಿದ್ರೆ ಅಪ್ಪನ ಕಿವಿ, ನನ್ನ ತಲೆ ಮೇಲಿದ್ರೆ ಹಿಡಿಕೆ. ಅಲ್ವಾ ಅಣ್ಣ?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಕುರ್ಚಿಯ ಮೇಲೆ ಎಸೆದ. ಅರ್ಧ ತಲೆಯಲ್ಲೇ ಬಾಗಿಲು ತಳ್ಳಿಕೊಂಡು ಹೋದ.

ಮನೆಯಲ್ಲಿ ಗಂಡ ಸಮಾಧಾನದ ದನಿಯಲ್ಲೇ ಹೇಳಿದ. "ಮೂವತ್ತು ವರ್ಷದಲ್ಲಿ ನಿನ್ನ ಕಿವಿ ಬಗ್ಗೆ ನಾನೇನಾದ್ರೂ ಅಂದಿದ್ದೀನಾ?"

"ಇಲ್ಲ ರೀ, ಏನೂ ಅಂದಿಲ್ಲ. ಒಳ್ಳೇದೂ ಅಂದಿಲ್ಲ."

ಬುಧವಾರ ಆಸ್ಪತ್ರೆಗೆ ಒಬ್ಬಳೇ ಹೋದಳು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅಣ್ಣ ಟೋಪಿ ಹಾಕಿಕೊಂಡು ಕೂತಿದ್ದ. ಅವಳು ಟೋಪಿ ಎತ್ತಿ ನೋಡಿದಳು. ಬಲಭಾಗದ ಕೂದಲು ಹಾಗೇ ಇತ್ತು.

"ಅಯ್ಯೋ, ಬೇರೆ ಎಲ್ಲಾದ್ರೂ ಮಾಡಿಸ್ಕೋಬಾರದಿತ್ತಾ?"

"ಬೇರೆಯವರ ಕೈಗೆ ತಲೆ ಕೊಟ್ಟು ಅಭ್ಯಾಸ ಇಲ್ಲ." ನೆಲ ನೋಡುತ್ತ ಹೇಳಿದ. "ಅವತ್ತು ಶಾಲೇಲಿ ತಮಾಷೆಗೆ ಅಂದಿದ್ದು ಕಣೇ."

"ಗೊತ್ತು. ನಾನೂ ನಕ್ಕಿದ್ದೆ."

ಅವನು ಟೋಪಿಯನ್ನು ಕೈಯಲ್ಲೇ ಹಿಂಡುತ್ತ ಕೂತ. ನರ್ಸು ಕಾಗದ ಹಿಡಿದು ಬಂದು, "ಮನೆಯವರು ಯಾರಾದ್ರೂ ಒಂದು ಸಹಿ ಹಾಕ್ತೀರಾ?" ಎಂದು ಅವನ ಕಡೆ ಪೆನ್ನು ಚಾಚಿದಳು. ನಡುವೆಯೇ ತಂಗಿಯ ಕೈ ಅದನ್ನು ತೆಗೆದುಕೊಂಡಿತು.

"ಕಿವಿ ನಂದು. ಸಹಿಯೂ ನಂದೇ."

ಕಿವಿಗಷ್ಟೇ ಅರಿವಳಿಕೆ ಕೊಟ್ಟಿದ್ದರು. ನೋವಿರಲಿಲ್ಲ, ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು: ಎಲೆಕೋಸಿನ ದಂಟು ಕತ್ತರಿಸಿದಂಥ ಕರಕರ.

"ಏನಾದ್ರೂ ತೊಂದರೆ ಆಗ್ತಿದೆಯಾ ಅಮ್ಮ?" ಡಾಕ್ಟರು ಕೇಳಿದರು.

"ನಿಮ್ಮ ಕತ್ತರಿ ಸ್ವಲ್ಪ ಮೊಂಡು. ಸಾಣೆ ಹಿಡಿಸಿ."

ಮುಖಕ್ಕೆ ಮಾಸ್ಕು ಕಟ್ಟಿದ್ದವರೆಲ್ಲ ನಕ್ಕರು. ಅವಳೂ ನಗಲು ಹೋದಳು, ಅಲ್ಲಾಡಬೇಡಿ ಎಂದರು.

ಮೂರು ವಾರ ಕಳೆದು ನೋಡಿದಾಗ ಎಡಗಿವಿ ಬಲಗಿವಿಗಿಂತ ಒಂದೆಳೆ ಮುಂದಿತ್ತು. ಬೇಕಿದ್ದರೆ ಮುಂದೆ ಸಣ್ಣದಾಗಿ ಇನ್ನೊಮ್ಮೆ ಸರಿಪಡಿಸಬಹುದು ಎಂದರು ಡಾಕ್ಟರು. ಅವಳು ಕನ್ನಡಿಯಲ್ಲಿ ತಲೆ ತಿರುಗಿಸಿ ತಿರುಗಿಸಿ ಎರಡನ್ನೂ ನೋಡಿದಳು.

"ಬೇಡ ಡಾಕ್ಟ್ರೇ. ಯಾರಾದ್ರೂ ಕೇಳಿದ್ರೆ ಮಾಡಿಸಿಕೊಂಡಿದ್ದು ಅಂತಲೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ತಲೆಗೆ ನೀರು ಹಾಕಿಕೊಂಡಳು. ಒದ್ದೆ ಕೂದಲನ್ನು ಹಿಂಡಿ, ನೆತ್ತಿಗೆ ಎತ್ತಿ ಕಟ್ಟಿ, ಬೀದಿಗಿದ್ದ ಮೆಟ್ಟಿಲ ಮೇಲೆ ಬಂದು ಕೂತಳು. ಬಂದ ಗಿರಾಕಿಯೊಬ್ಬಳು ಗಡಿಯಾರ ನೋಡಿಕೊಂಡು, "ಅಂಗಡಿ ತೆಗೆಯಲ್ವಾ ಅಕ್ಕ?" ಎಂದಳು.

"ತೆಗೀತೀನಿ. ಒಂಚೂರು ಕೂತ್ಕೊಳ್ಳಿ."

ಸರಿದು ಜಾಗ ಕೊಟ್ಟಳು. ಎಳೆಬಿಸಿಲು ಕಿವಿಯ ಹಿಂದೆ, ಕೆಂಪಗಿದ್ದ ಹೊಲಿಗೆಯ ಗೆರೆಯ ಮೇಲೆ ಬಿದ್ದಿತ್ತು. ಕೂದಲಿನಿಂದ ಜಾರಿದ ಒಂದು ಹನಿ ಅಲ್ಲೇ ತುಸು ಹೊತ್ತು ನಿಂತು, ಆಮೇಲೆ ಕತ್ತಿನ ಗುಂಟ ಇಳಿಯಿತು.