ತಂಗಿಯ ಪಾಲು

ಊಟದ ಕೋಣೆಯ ಬಾಗಿಲುಗಳನ್ನು ಯಾವಾಗಲೂ ತೆರೆದೇ ಇಡಬೇಕು ಎಂಬುದು ಈ ವರ್ಷದ ಹೊಸ ನಿಯಮ. ಹಾಗಾಗಿ ಅಡುಗೆಮನೆಯಲ್ಲಿ ನಿಂತೇ ನನಗೆ ಎಲ್ಲ ಕಾಣುತ್ತಿತ್ತು. ಊಟಕ್ಕೆ ಕೂತವರಿಗೂ ನಾನು ಕಾಣುತ್ತಿದ್ದೆನೇನೋ. ಆದರೆ ಜಗ್ ಹಿಡಿದವಳನ್ನು ಯಾರೂ ನೋಡುವುದಿಲ್ಲ.

ಈ ಮನೆಗೆ ಅಡುಗೆ ಮಾಡುವವಳು ಲೊರೀನ್ ಚಿಕ್ಕಮ್ಮ. ಅಮ್ಮ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟೆ, ಚಿಕ್ಕಮ್ಮ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಳು. ಇಲ್ಲಿರುವವರೆಲ್ಲ ನನ್ನ ವಯಸ್ಸಿನ ಹುಡುಗಿಯರೇ. ಎದುರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ, ಸೋದರಿಯರ ಸಂಘ ಎಂದು ಹೇಳಿಕೊಂಡು ಬಿಳಿ ಕಂಬಗಳ ಈ ಮನೆಯಲ್ಲಿ ಒಟ್ಟಿಗೆ ಇರುತ್ತಾರೆ. ಹಳಬರು ಅಕ್ಕಂದಿರು. ಹೊಸದಾಗಿ ಸೇರಲು ಬಂದವರು ತಂಗಿಯರು. ಒಬ್ಬೊಬ್ಬ ತಂಗಿಗೆ ಒಬ್ಬೊಬ್ಬ ಅಕ್ಕ. ಆ ಅಕ್ಕ ಒಪ್ಪಿದರೆ ಮಾತ್ರ ತಂಗಿ ಒಳಗೆ.

ಹೋದ ವರ್ಷ ನೆಲಮಾಳಿಗೆಯಲ್ಲಿ ಒಬ್ಬ ತಂಗಿಗೆ ಮಿತಿಮೀರಿ ವೈನ್ ಕುಡಿಸಿದ್ದರು. ಅವಳು ಮೆಟ್ಟಿಲಿಂದ ಉರುಳಿ ಸೊಂಟ ಮುರಿದುಕೊಂಡಳು. ವಿಶ್ವವಿದ್ಯಾಲಯದವರು ಮನೆಗೆ ಬೀಗ ಹಾಕಿದರು. ಮತ್ತೆ ತೆರೆಯುವಾಗ ಕರಾರು ಹಾಕಿದರು: ಹೆಂಡದ ಹನಿಯೂ ಇರಕೂಡದು, ಮುಚ್ಚಿದ ಬಾಗಿಲ ಹಿಂದೆ ಏನೂ ನಡೆಯಕೂಡದು, ಕತ್ತಲಾದ ಮೇಲೆ ಯಾವ ಶಾಸ್ತ್ರವೂ ಬೇಡ.

ಅಕ್ಕಂದಿರು ಎಲ್ಲಕ್ಕೂ ಒಪ್ಪಿದರು. ಈಗ ಎಲ್ಲವೂ ಹಗಲಲ್ಲಿ, ತೆರೆದ ಬಾಗಿಲಲ್ಲಿ, ನೀರಿನಲ್ಲಿ.

ಊಟದ ನಡುವೆ ಅಕ್ಕಂದಿರು ಮನೆಯ ಚರಿತ್ರೆ ಕೇಳುತ್ತಾರೆ. ಮೊದಲ ಅಧ್ಯಕ್ಷೆ ಯಾರು, ಮನೆಯ ಹಾಡಿನ ಮೂರನೆಯ ಸಾಲು ಯಾವುದು, ಇಂಥವೇ. ತಪ್ಪು ಹೇಳಿದ ತಂಗಿ ಒಂದು ಲೋಟ ನೀರನ್ನು ನಿಲ್ಲಿಸದೆ ಕುಡಿಯಬೇಕು. ಮೊದಲು ವೈನ್ ಇದ್ದ ಜಾಗದಲ್ಲಿ ಈಗ ನೀರು, ಅಷ್ಟೇ. ಅದರ ಮೇಲೆ ಸವಾನಾ ತನ್ನದೇ ಒಂದು ಸುಧಾರಣೆ ತಂದಿದ್ದಳು. ಸವಾನಾ ಎಂದರೆ ಮನೆಯ ಅಧ್ಯಕ್ಷೆ. ಎಲ್ಲರನ್ನೂ ಶಿಕ್ಷಿಸುವುದು ಕ್ರೂರ ಎಂದಳು. ದಿನಕ್ಕೊಬ್ಬ ತಂಗಿ ತಾನಾಗಿ ಮುಂದೆ ಬಂದು ಉಳಿದವರ ಲೋಟಗಳನ್ನೂ ಪ್ರೀತಿಯಿಂದ ಕುಡಿಯಬೇಕು. ಅದಕ್ಕೆ ತಂಗಿಯ ಪಾಲು ಎಂದು ಹೆಸರು. ಮುಗಿಸಿದವಳನ್ನು ಎಲ್ಲರೂ ಅಪ್ಪಿಕೊಳ್ಳುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿದ ಒಬ್ಬಳು ಮರುದಿನವೇ ಪೆಟ್ಟಿಗೆ ಕಟ್ಟಿಕೊಂಡು ಹೋದಳು.

ವಿಶ್ವವಿದ್ಯಾಲಯದ ಡೀನ್ ಪ್ರುಯಿಟ್ ಮೇಡಂ ಮನೆಯ ಸುಧಾರಣೆ ನೋಡಲು ಊಟಕ್ಕೆ ಬಂದ ದಿನ ಪಾಲು ಟಾಲಿಯದು.

ಟಾಲಿ ಬೆಟ್ಟದ ಕಡೆಯ ಗಣಿ ಊರಿನವಳು. ತಟ್ಟೆ ಎತ್ತುವಾಗ ನನಗೆ ಥ್ಯಾಂಕ್ಸ್ ಹೇಳುತ್ತಿದ್ದವಳು ಅವಳೊಬ್ಬಳೇ. ಅವಳ ಅಕ್ಕ ಸ್ವತಃ ಸವಾನಾ. ಬೆಳಗಿನ ತಿಂಡಿಗೇ ಪ್ರಶ್ನೆಗಳು ಶುರುವಾಗಿದ್ದವು. ತಿಂಡಿ ಮುಗಿದ ಮೇಲೆ ಹಾಡಿನ ಅಭ್ಯಾಸ, ಅಲ್ಲಿಯೂ ಲೋಟ. ಶೌಚಾಲಯಕ್ಕೆ ಹೋಗಲು ಕೇಳಿದಾಗ ಸವಾನಾ, "ಪಾಲು ಮುಗಿಯೋವರೆಗೂ ಮೇಜು ಬಿಡೋ ಹಾಗಿಲ್ಲ ಚಿನ್ನ, ಗೊತ್ತಲ್ವಾ?" ಎಂದು ಅವಳ ಕೆನ್ನೆ ಸವರಿದಳು.

ಊಟಕ್ಕೆ ಮುಂಚೆ ಖಾಲಿ ಜಗ್ ಕೊಟ್ಟು ಬರಲು ಸವಾನಾ ಕಳಿಸಿದಾಗ ಟಾಲಿ ಒಂದು ಗಳಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಬೆರಳುಗಳು ಊದಿ ಉಂಗುರ ಚರ್ಮದೊಳಗೆ ಹೂತಿತ್ತು.

"ತಲೆ ಸಿಡೀತಿದೆ ಮಾರ್ಲಾ," ಎಂದಳು.

"ಸಾಕು ಅಂತ ಹೇಳ್ಬಿಡಿ," ಎಂದೆ. ಅವಳಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ.

"ಹೇಳೋಕಾಗುತ್ತಾ? ನಾನು ಈ ಮನೆಗೆ ಸೇರಿದೆ ಅಂತ ನಮ್ಮೂರಲ್ಲಿ ಅಮ್ಮ ಆಗ್ಲೇ ಚರ್ಚಲ್ಲೆಲ್ಲ ಹೇಳ್ಕೊಂಡು ಬಂದಿದಾಳೆ." ನಕ್ಕಳು. ನಗು ಒಂದು ಕಡೆ ವಾಲಿತ್ತು. "ಬರೀ ನೀರು ತಾನೆ? ನೀರು ಕುಡಿದು ಯಾರಾದ್ರೂ ಸತ್ತಿದಾರಾ?"

ಅವಳು ಹೋದ ಮೇಲೆ ಚಿಕ್ಕಮ್ಮನ ಬಳಿ ಹೋದೆ. "ಚಿಕ್ಕಮ್ಮ, ಆ ಹುಡುಗಿ ಮುಖ ಸರಿಯಿಲ್ಲ."

"ಅವರ ಮುಖ ನೋಡೋಕಲ್ಲ ಕಣೇ ನಮಗೆ ಸಂಬಳ ಕೊಡೋದು. ಚೀಸ್ ಬಿಸ್ಕತ್ತು ಸೀದು ಹೋಗ್ತಿದೆ, ತೆಗಿ." ಆಮೇಲೆ ಒಲೆಯ ಕಡೆ ತಿರುಗಿಯೇ, "ಹೋದ ವರ್ಷ ಬಾಯಿ ಬಿಟ್ಟ ಪಾತ್ರೆ ತೊಳೆಯೋಳು ಈಗೆಲ್ಲಿದಾಳೆ, ಹೇಳು ನೋಡೋಣ," ಎಂದಳು.

ಎಲ್ಲರೂ ಬಿಳಿ ಉಡುಪು ತೊಟ್ಟು, ಕೊರಳಿಗೆ ಮುತ್ತಿನ ಸರ ಹಾಕಿಕೊಂಡು ಕೂತರು. ಸೆಪ್ಟೆಂಬರಿನ ಸೆಕೆ. ಫ್ಯಾನುಗಳು ತಿರುಗುತ್ತಿದ್ದರೂ ಮೇಜುಬಟ್ಟೆಯ ಅಂಚು ಅಲುಗುತ್ತಿರಲಿಲ್ಲ. ಡೀನ್ ಮೇಡಂ ಸವಾನಾಳ ಬಲಕ್ಕೆ, ಟಾಲಿ ಎದುರಿಗೆ. ಸವಾನಾ ಕಿವಿಯ ಮುತ್ತನ್ನು ಮುಟ್ಟಿದರೆ ನಾನು ಹೋಗಿ ಟಾಲಿಯ ಲೋಟ ತುಂಬಬೇಕು. ಹಾಗೆಂದು ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು.

ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ತಂಗಿಯರು ಹೆದರಿ ತಪ್ಪುತ್ತಿದ್ದರು. ಪ್ರತಿ ತಪ್ಪಿಗೂ ಟಾಲಿ ಎದ್ದು ನಿಂತು, "ನನ್ನ ತಂಗಿಗಾಗಿ," ಎಂದು ಲೋಟ ಎತ್ತಿ ಖಾಲಿ ಮಾಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೇಡಂ ಕೂಡ.

"ಎಷ್ಟು ಚೆಂದ ಕಣ್ರಮ್ಮ!" ಎಂದರು ಮೇಡಂ. "ಒಬ್ಬಳ ತಪ್ಪಿಗೆ ಇನ್ನೊಬ್ಬಳು ನಿಲ್ಲೋದು. ಅದೂ ನೀರಲ್ಲಿ! ಹುಡುಗರ ಸಂಘದ ಮನೆಗಳಿಗೂ ಇದನ್ನೇ ಹೇಳ್ತೀನಿ. ಬರೋ ತಿಂಗಳಿಂದ ಎಲ್ಲಾ ಮನೆಗಳಲ್ಲೂ ಮಾಡಿಸೋಣ."

"ಅದಕ್ಕಿಂತ ದೊಡ್ಡ ಮರ್ಯಾದೆ ಏನಿದೆ ಮೇಡಂ," ಎಂದು ಸವಾನಾ ಕಿವಿಯ ಮುತ್ತು ಮುಟ್ಟಿದಳು.

ನಾನು ಹೋಗಿ ತುಂಬಿದೆ. ಮೇಜುಬಟ್ಟೆಗೆ ಒಂದಿಷ್ಟು ಚೆಲ್ಲಿತು. ಟಾಲಿ ಆ ಒದ್ದೆಯನ್ನೇ ನೋಡುತ್ತ ಕೂತಳು. ತಟ್ಟೆಯ ಕೋಳಿ ಸಾಲಡ್‌ ಅನ್ನು ಅವಳು ಮುಟ್ಟಿರಲೇ ಇಲ್ಲ.

"ಟಾಲಿ, ಈ ಮನೆ ಕಟ್ಟಿಸಿದವರು ಯಾರು?" ಸವಾನಾ ಕೇಳಿದಳು.

"ಅಮ್ಮ, ಅಪ್ಪ ಇನ್ನೂ ಗಣಿಯಿಂದ ಬಂದಿಲ್ವಾ?" ಎಂದಳು ಟಾಲಿ.

ಮೇಜಿನ ಸುತ್ತ ನಗು ಎದ್ದಿತು. "ಅಬ್ಬಾ, ಏನು ನಾಟಕ ಇವಳದು!" ಎಂದಳು ಒಬ್ಬಳು. "ನೀರಿಗೇ ಅಮಲೇರಿದೆ ಕಣ್ರೇ!" ಎಂದಳು ಮತ್ತೊಬ್ಬಳು. ಮೇಡಂ ಕೂಡ ಕರವಸ್ತ್ರದಲ್ಲಿ ತುಟಿ ಒರೆಸಿಕೊಂಡು ನಕ್ಕರು. ಟಾಲಿಯ ಕಣ್ಣು ಯಾರ ಮೇಲೂ ನಿಂತಿರಲಿಲ್ಲ. ಎಡಗೈ ತನ್ನಷ್ಟಕ್ಕೆ ಜಿಗಿಯುತ್ತಿತ್ತು.

ಸವಾನಾ ಮುತ್ತು ಮುಟ್ಟಿದಳು. ನಾನು ಕದಲಲಿಲ್ಲ. ಮತ್ತೆ ಮುಟ್ಟಿದಳು.

"ಮಾರ್ಲಾ, ಚಿನ್ನ, ನೀರು."

"ಇಲ್ಲ," ಎಂದೆ.

ಅಷ್ಟು ಜನ ನನ್ನ ಮುಖವನ್ನು ಒಮ್ಮೆಲೇ ನೋಡಿದ್ದು ಅದೇ ಮೊದಲು.

"ಮೇಡಂ, ಇವರಿಗೆ ಹುಷಾರಿಲ್ಲ. ತಿಂಡಿ ಹೊತ್ತಿಂದ ಕುಡೀತಾನೇ ಇದಾರೆ. ಶೌಚಾಲಯಕ್ಕೆ ಹೋಗೋಕೂ ಬಿಟ್ಟಿಲ್ಲ."

ಮೇಡಂ ನನ್ನನ್ನು ಕನಿಕರದಿಂದ ನೋಡಿದರು. "ನೀರು ತಾನೇ ಮರಿ? ಈ ಸೆಕೆಗೆ ಒಳ್ಳೇದೇ."

"ಪಾಪ, ಅವಳಿಗೆ ನಮ್ಮ ಪದ್ಧತಿ ಗೊತ್ತಿಲ್ಲ ಮೇಡಂ." ಸವಾನಾ ಎದ್ದು ಬಂದು ನನ್ನ ಕೈಯಿಂದ ಜಗ್ ತೆಗೆದುಕೊಂಡಳು. ತಾನೇ ಲೋಟ ತುಂಬಿದಳು, ಟಾಲಿಯ ಬೆನ್ನ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದಳು: "ಕೊನೇದು, ನನ್ನ ಬಂಗಾರ. ಇದೊಂದು ಮುಗಿಸಿದ್ರೆ ನೀನು ನನ್ನ ತಂಗಿ."

ಟಾಲಿ ಬಾಯಿ ತೆರೆದಳು. ನಾನು ಲೋಟದ ಬಾಯಿಗೆ ಅಂಗೈ ಇಟ್ಟೆ. ಸವಾನಾ ಒತ್ತಿದಳು. ಅವಳ ಮುಖದಲ್ಲಿ ಇನ್ನೂ ನಗು ಇತ್ತು. ಗಾಜು ಟಾಲಿಯ ಹಲ್ಲಿಗೆ ತಾಗಿ ಟಕ್ಕೆಂದಿತು. ಆ ಕ್ಷಣವೇ ಟಾಲಿಯ ಕತ್ತು ಹಿಂದಕ್ಕೆ ಸೆಟೆಯಿತು, ಕುರ್ಚಿ ಸಮೇತ ನೆಲಕ್ಕೆ ಬಿದ್ದಳು. ಹಿಮ್ಮಡಿಗಳು ನೆಲಕ್ಕೆ ಬಡಿಯುತ್ತಿದ್ದ ಸದ್ದನ್ನು ಕೇಳಿ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆಂಬುಲೆನ್ಸಿಗೆ ಫೋನು ಮಾಡಿದ್ದು ಅವಳೇ.

ಬಂದ ಆಂಬುಲೆನ್ಸಿನವನು ಮೊಣಕಾಲೂರಿ ಕೂತು, "ಏನು ತಗೊಂಡಿದಾಳೆ? ಮಾತ್ರೆಯಾ? ಹೆಂಡವಾ? ಮುಚ್ಚಿಡ್ಬೇಡಿ," ಎಂದ.

"ಏನೂ ಇಲ್ಲ!" ಸವಾನಾಳ ಕಣ್ಣಲ್ಲಿ ನೀರಿತ್ತು. ಅದು ನಿಜವಾದದ್ದೇ. "ನಮ್ಮ ಮನೇಲಿ ಅದೆಲ್ಲ ಇಲ್ವೇ ಇಲ್ಲ. ಸೆಕೆಗೆ ತಲೆ ಸುತ್ತಿರ್ಬೇಕು. ಒಂಚೂರು ನೀರು ಕುಡಿಸಿ, ಸರಿಹೋಗ್ತಾಳೆ."

"ಬೇಡ," ಎಂದೆ. "ನೀರೇ ಆಗಿರೋದು. ಬೆಳಿಗ್ಗೆಯಿಂದ ಜಗ್ಗುಗಟ್ಟಲೆ. ತುಂಬಿದ್ದು ನಾನು."

ಅವನು ನನ್ನನ್ನು ಒಂದು ಸಲ ನೋಡಿ, ಜೊತೆಯವನಿಗೆ ಏನೋ ಕೂಗಿದ. ಇಬ್ಬರೂ ಅವಸರ ಮಾಡಿದರು. ಮೇಡಂ ಗೋಡೆಗೆ ಒರಗಿ ನಿಂತಿದ್ದರು. "ತುಂಬಿದ್ದು ಯಾರು ಅಂದ್ಳು ಇವಳು?" ಎಂದು ಕೇಳಿದರು. ಅಕ್ಕಂದಿರೆಲ್ಲ ನನ್ನತ್ತ ತಿರುಗಿದರು.

"ಇವಳ ಜೊತೆ ಯಾರು ಬರ್ತೀರಾ?" ಎಂದ ಆಂಬುಲೆನ್ಸಿನವನು.

ಯಾರೂ ಹೊರಡಲಿಲ್ಲ. ಊಟದ ಕೊನೆಯ ಹಾಡು ಆಗುವವರೆಗೆ ಸೋದರಿಯರು ಮೇಜು ಬಿಡುವಂತಿಲ್ಲ. ಅಷ್ಟು ಹೊತ್ತಿಗೆ ಸವಾನಾ ಹಾಡಿಗೆಂದು ಅತ್ತಿತ್ತಲಿನವರ ಕೈ ಹಿಡಿದುಕೊಂಡಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ಕೈ ಸೇರಿಸಿದರು. ತಂಗಿಯರಲ್ಲಿ ಒಬ್ಬಳು ಬಾಗಿಲ ಕಡೆ ಹೆಜ್ಜೆ ಎತ್ತಿದವಳು, ಪಕ್ಕದವಳು ಚಾಚಿದ ಕೈ ನೋಡಿ ಹಿಂದೆ ಬಂದಳು. ನಾನು ಏಪ್ರನ್ನಿನಲ್ಲೇ ಗಾಡಿ ಹತ್ತಿದೆ. ತೆರೆದ ಬಾಗಿಲಿಂದ ಹಾಡು ಹುಲ್ಲುಹಾಸಿನವರೆಗೂ ಬರುತ್ತಿತ್ತು. ಸ್ವರ ಒಂದಿಷ್ಟೂ ತಪ್ಪಿರಲಿಲ್ಲ.

ದಾರಿಯಲ್ಲಿ ಅವನು ಅವಳ ತೋಳಿಗೆ ಸೂಜಿ ಚುಚ್ಚಿ ಒಂದು ಸಣ್ಣ ಚೀಲ ತೂಗುಹಾಕಿದ. ಉಪ್ಪು, ಎಂದ; ಅಷ್ಟು ನೀರಿಗೆ ರಕ್ತದ ಉಪ್ಪೆಲ್ಲ ತೆಳುವಾಗಿ ಹೋಗಿದೆಯಂತೆ. ಸೆಟೆತ ನಿಂತಿತು. ಸ್ವಲ್ಪ ಹೊತ್ತಿಗೆ ಟಾಲಿ ಕಣ್ಣು ತೆರೆದಳು. ನನ್ನನ್ನು ಗುರುತು ಹಿಡಿಯಲು ಬಹಳ ಹೊತ್ತು ಬೇಕಾಯಿತು.

"ಮಾರ್ಲಾ, ಆ ಕೊನೇ ಲೋಟ ಕುಡಿದ್ನಾ ನಾನು?"

ಹೂಂ ಎನ್ನಬಹುದಿತ್ತು. ಹಾಗೆಂದಿದ್ದರೆ ಹುಷಾರಾದ ಮೇಲೆ ಅವಳು ಆ ಮನೆಗೇ ಹೋಗುತ್ತಿದ್ದಳು.

"ಇಲ್ಲ," ಎಂದೆ. "ಕುಡಿಯೋಕೆ ನಾನು ಬಿಡ್ಲಿಲ್ಲ."

ಅವಳ ಮುಖ ಬಿಳಿಚಿತು. ಸೆಟೆದಾಗಲೂ ಅಷ್ಟು ಭಯ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಸೂಜಿಯಿದ್ದ ಕೈಯನ್ನು ಕಿತ್ತುಕೊಳ್ಳಲು ನೋಡಿದಳು, ಸ್ಟ್ರೆಚರಿನ ಬೆಲ್ಟಿನ ಕೆಳಗೆ ಭುಜ ಎತ್ತಿದಳು.

"ಗಾಡಿ ತಿರುಗಿಸೋಕೆ ಹೇಳು," ಎಂದಳು. "ಹಾಡು ಮುಗಿದಿರಲ್ಲ ಇನ್ನೂ, ಆ ಲೋಟ ಮುಗಿಸಿಬಿಡ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ತಿರುಗಿಸೋಕೆ ಹೇಳು."

ಆಂಬುಲೆನ್ಸಿನವನು ಅವಳ ಮೊಣಕೈ ಹಿಡಿದ. ನಾನು ಅವಳ ಮೈಮೇಲೆ ಬಾಗಿ ಎರಡೂ ಭುಜಗಳನ್ನು ಅದುಮಿ ಹಿಡಿದೆ. ಅವಳು ಸವಾನಾಳನ್ನು ಅಕ್ಕಾ, ಅಕ್ಕಾ ಎಂದು ಕೂಗುತ್ತಲೇ ಇದ್ದಳು.